ಸತ್ಯಮ್ಮನ ಹಣೆ

ಬೆಳಗಾಯಿತೆಂದರೆ ಕೌಸಲ್ಯಾಬಾಯಿಯ ಅಂಗಳದಲ್ಲಿ ರೊಟ್ಟಿಯ ಹೊಗೆಗಿಂತ ಮೊದಲು ತಂಬಾಕಿನ ಹೊಗೆ ಏಳುತ್ತಿತ್ತು. ಹಳೆಯ ಹಂಚಿನ ಮೇಲೆ ತಂಬಾಕಿನ ಎಲೆಯನ್ನು ಕರ್ರಗೆ ಹುರಿದು, ಕಲ್ಲಿನಿಂದ ನುಣ್ಣಗೆ ಅರೆದರೆ ಮಿಸ್ರಿ ತಯಾರು. ಔರಾದ ಕಡೆಯ ಹೆಂಗಸರು ಅದರಿಂದಲೇ ಹಲ್ಲುಜ್ಜುತ್ತಿದ್ದರು. ಉಜ್ಜುವುದೆಂದರೆ ಅದೇನು ಒಂದು ಗಳಿಗೆಯ ಕೆಲಸವೇ! ಬಾಯಿಗಿಟ್ಟ ಬೆರಳನ್ನು ಊರ ಸುದ್ದಿಯೆಲ್ಲ ಮುಗಿಯುವ ತನಕ ತೆಗೆಯುತ್ತಿರಲಿಲ್ಲ. ಹಸಿವಾದರೆ ಮಿಸ್ರಿ, ಹಲ್ಲು ನೋವಿಗೆ ಮಿಸ್ರಿ, ಗಂಡ ಬೈದರೆ ಅದಕ್ಕೂ ಮಿಸ್ರಿ. ಸೊಸೆ ಸತ್ಯಮ್ಮ ಭಾಲ್ಕಿ ತಾಲೂಕಿನ ಸಾಯಗಾಂವದಿಂದ ಲಗ್ನವಾಗಿ ಬಂದಾಗ ಅವಳಿಗೆ ಈ ಚಟ ಇರಲಿಲ್ಲ. ಮೊದಲ ಸಲ ಅವಳ ಬೆರಳಿಗೆ ಆ ಕರಿಪುಡಿ ಹಚ್ಚಿ ಕೊಟ್ಟವಳು ಅತ್ತೆಯೇ.

ಬೀದರ ಜಿಲ್ಲೆ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಹತ್ತು ವರ್ಷ ಕಳೆದಿತ್ತು. ಆ ವರ್ಷ ದೀಪಾವಳಿ ಮುಗಿದ ಮೇಲೆ ಮಗ ಧೊಂಡಿಬಾ ಎಂದಿನಂತೆ ಕುರಿ ಹೊಡೆದುಕೊಂಡು ಉದಗೀರದ ಕಡೆ ಹೋದ. ಅಲ್ಲಿಯ ರೈತರ ಹೊಲದಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಿದರೆ ಅವರಿಗೆ ಗೊಬ್ಬರ, ಇವನಿಗೆ ಕಾಳು. ಅವನು ಹೋದ ಕೆಲವೇ ದಿನಕ್ಕೆ ಸತ್ಯಮ್ಮನ ನಾಲಿಗೆಯ ಎಡಬದಿಗೆ ಒಂದು ಹುಣ್ಣು ಎದ್ದಿತು.

"ಮಿಸ್ರಿ ಒತ್ತಿ ಹಿಡಿ, ಉರಿ ಹೋಗ್ತದ," ಎಂದಳು ಕೌಸಲ್ಯಾಬಾಯಿ.

ಉರಿ ಹೋಗುತ್ತಿತ್ತು, ಖರೆ. ಮಿಸ್ರಿ ತಾಗಿದೊಡನೆ ನಾಲಿಗೆ ಮರಗಟ್ಟುತ್ತಿತ್ತು. ಅದರ ಕಸುವು ಇಳಿದರೆ ನೋವು ಮತ್ತೆ ಬರುತ್ತಿತ್ತು, ಮತ್ತೆ ಮಿಸ್ರಿ. ಹೀಗೇ ತಿಂಗಳುಗಳು ಉರುಳಿದವು. ಹುಣ್ಣು ಯಾವುದರಿಂದ ಎದ್ದಿತ್ತೋ ಅದನ್ನೇ ಅತ್ತೆ ಸೊಸೆ ಇಬ್ಬರೂ ಔಷಧವೆಂದು ನಂಬಿ ಕೂತಿದ್ದರು. ಸತ್ಯಮ್ಮ ರೊಟ್ಟಿ ಬಿಟ್ಟು ಅಂಬಲಿಗೆ ಇಳಿದಳು, ಮಾತೂ ಕಡಿಮೆಯಾಯಿತು. ಸೊಸೆ ಮುನಿಸಿಕೊಂಡಿದ್ದಾಳೆ ಎಂದು ನೆರೆಯವರು ನಕ್ಕರು. ಒಂದು ದಿನ ಅವಳು ಮುಕ್ಕಳಿಸಿ ಉಗುಳಿದ ನೀರು ಕೆಂಪಗಿದ್ದುದನ್ನು ಕಂಡು ಕೌಸಲ್ಯಾಬಾಯಿ ಅವಳನ್ನು ಭಾಲ್ಕಿಗೆ ಕರೆದೊಯ್ದಳು. ಭಾಲ್ಕಿಯ ವೈದ್ಯರು ಬಾಯಿ ನೋಡಿದವರೇ ಒಂದು ಗುಳಿಗೆಯನ್ನೂ ಕೊಡದೆ, "ಮೊದಲು ಬೀದರಕ್ಕ ಒಯ್ರಿ," ಎಂದು ರೈಲು ಹತ್ತಿಸಿದರು.

ಬೀದರದ ಆಸ್ಪತ್ರೆಗೆ ಆಗಾಗ ಬಂದು ರೋಗಿಗಳನ್ನು ನೋಡುತ್ತಿದ್ದ ಡಾಕ್ಟರ್ ಅಬ್ದುಲ ಅಜೀಜ ಅದೇ ಊರಿನವರು. ಅವರ ನೌಕರಿ ಹೈದರಾಬಾದಿನ ದೊಡ್ಡ ಆಸ್ಪತ್ರೆಯಲ್ಲಿ. ಅವರು ಹುಣ್ಣಿನ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದರ ಫಲಿತಾಂಶ ಕೇಳಲು ಬರಹೇಳಿದ ದಿನ ಕೌಸಲ್ಯಾಬಾಯಿಯ ಜೊತೆ, ಅವಳನ್ನು 'ವೈನಿ' ಎಂದು ಕರೆಯುವ ಮೈದುನ ಪಂಢರಿಯೂ ಇದ್ದ. ಉದಗೀರದ ತನಕ ಹೋಗಿ ಧೊಂಡಿಬಾನನ್ನು ಹುಡುಕಿ ಬಂದವನು ಅವನೇ.

"ಕುರಿ ಈಯೋ ಹೊತ್ತದ, ಹಿಂಡು ಬಿಟ್ಟು ಬರಾಕ ಆಗವಲ್ದು ಅಂದ," ಎಂದ ಪಂಢರಿ. "ಇನ್ನೊಬ್ಬರನ್ನ ನಿಲ್ಲಿಸಿ ಬರ್ತಾನಂತ. ಅಲ್ಲೀತನಕ ಅವ್ವ ಹೇಳಿದಂಗ ಮಾಡ್ರಿ ಅಂದಾನ, ವೈನಿ."

ಡಾಕ್ಟರು ಅವರಿಬ್ಬರನ್ನೇ ಒಳಗೆ ಕರೆದು ಕೂಡಿಸಿದರು.

"ಆಯಿ, ಇದು ಕ್ಯಾನ್ಸರ್ ಅದ. ನಾಲಿಗಿ ಅರ್ಧ ತೆಗೀಬೇಕು. ತೆಗೀಲಿಲ್ಲ ಅಂದ್ರ ಬರೋ ಮಳಿಗಾಲ ಆಕಿ ನೋಡಂಗಿಲ್ಲ."

"ಅಯ್ಯ ಶಿವನ! ನಾಲಿಗಿ ತೆಗದ್ರ ಉಣ್ಣೋದು ಹ್ಯಾಂಗ್ರಿ ಸಾಬ? ಮಾತಾಡೋದು ಹ್ಯಾಂಗ?"

"ಅದಕ್ಕ ಈಗೀಗ ಒಂದು ಹೊಸ ಇಲಾಜ ಬಂದದ. ಹಣಿ ಮ್ಯಾಲಿನ ತೊಗಲು ಎಬ್ಬಿಸಿ, ರಕ್ತದ ನರ ಕಡೀದಂಗ ಒಂದು ಬದಿ ಹಿಡಿದಿಟ್ಟು, ಕೆನ್ನಿ ಒಳಗಿಂದ ಬಾಯಾಗ ಇಳಿಸಿ ನಾಲಿಗಿ ಕಟ್ತೇವಿ. ಅದು ಅಲ್ಲಿ ಹತ್ತಿದ ಮ್ಯಾಲ ಈ ಕಡಿ ಬಿಡಿಸ್ತೇವಿ. ಹಣಿಗಿ ತೊಡಿ ಮ್ಯಾಲಿನ ತೊಗಲು ಹಚ್ತೇವಿ. ಹಣಿ ಮೊದಲಿನಂಗ ಆಗಂಗಿಲ್ಲ, ಸುಳ್ಳು ಹೇಳಂಗಿಲ್ಲ ನಾ. ಆದ್ರ ಆಕಿ ನುಂಗ್ತಾಳ, ಮಾತಾಡ್ತಾಳ."

ಕೌಸಲ್ಯಾಬಾಯಿಯ ಮನಸ್ಸು 'ಹಣಿ' ಎಂಬ ಒಂದು ಮಾತಿಗೇ ಸಿಕ್ಕಿಕೊಂಡಿತು. ಗಂಡ ಸತ್ತ ದಿನ ಊರ ಹೆಂಗಸರು ಅವಳನ್ನು ಕೂಡಿಸಿ ಹಣೆ ಒರೆಸಿದ್ದರು. ಅಂದಿನಿಂದ ಯಾರ ಮನೆಯ ಲಗ್ನಕ್ಕೆ ಹೋದರೂ ಅವಳ ಜಾಗ ಒಲೆಯ ಹತ್ತಿರ, ಹಿಂದೆ. ಬೋಳು ಹಣೆ ಎಂದರೇನೆಂಬುದನ್ನು ಅವಳಿಗೆ ಯಾವ ಡಾಕ್ಟರೂ ಹೇಳಿಕೊಡಬೇಕಿರಲಿಲ್ಲ. ಗಂಡ ಬದುಕಿರುವ ಹೆಣ್ಣಿಗೆ ಆ ಗತಿಯೇ?

ಪಂಢರಿ ಎದ್ದೇ ನಿಂತ. "ಸಾಬ, ಅದು ಕುಂಕುಮದ ಜಾಗ! ನಾವು ಮೈಲಾರಲಿಂಗನ ಅರಿಷಿಣ ಭಂಡಾರ ಹಚ್ಚೋ ಜಾಗ! ನಾಳಿ ಧೊಂಡಿಬಾಗ ಅಡವ್ಯಾಗ ಒಂದು ಹಾವು ಕಡೀತು ಅನ್ರಿ, ಊರವ್ರು ಯಾರನ್ನ ತಿಂತಾರ? ಮುತ್ತೈದಿ ತಾನಾಗಿ ಹಣಿ ಕೆಡಿಸ್ಕೊಂಡ್ಳು, ಅದಕ್ಕ ಗಂಡ ಹೋದ ಅಂತ ಇಕಿನ್ನೇ ಹರಿದು ತಿಂತಾರ."

ಅವನು ಕೆಟ್ಟವನೇನಲ್ಲ. ಊರಿನ ಬಾಯಿ ಎಂಥದೆಂದು ಬಲ್ಲವನು, ಅಷ್ಟೇ.

"ಹಣಿ ಮುಟ್ಟದೇನೂ ಮಾಡಬಹುದು," ಎಂದರು ಡಾಕ್ಟರು. "ನಾಲಿಗಿ ತೆಗದು ಉಳಿದದ್ದು ಹಂಗೇ ಹೊಲೀಬಹುದು. ಜೀವ ಉಳಿದೀತು. ಆದ್ರ ಉಣ್ಣಾಕ ಭಾಳ ತ್ರಾಸ, ಜೊಲ್ಲು ಸುರೀತದ, ಮಾತು ಯಾರಿಗೂ ತಿಳಿಯಂಗಿಲ್ಲ."

"ಹಂಗಾದ್ರ ಹಂಗೇ ಮಾಡ್ರಿ!" ಪಂಢರಿಗೆ ಹೋದ ಜೀವ ಬಂದಂತಾಯಿತು. "ಹೆಣ್ಮಗಳ ಮಾತಿಗೇನ್ರಿ ಸಾಬ, ಕಡಿಮಿ ಆದ್ರ ಮನಿಗಿ ಛಲೋನೇ."

ತಾನು ಆಡಿದ ಮಾತಿಗೆ ತಾನೇ ನಕ್ಕ. ಡಾಕ್ಟರು ನಗಲಿಲ್ಲ. ಕೌಸಲ್ಯಾಬಾಯಿಗೂ ನಗು ಬರಲಿಲ್ಲ. ಆದರೆ ಹೌದೆಂದು ತಲೆಯಾಡಿಸಿಬಿಟ್ಟಳು. ಜೀವವೂ ಉಳಿಯಿತು, ಕುಂಕುಮವೂ ಉಳಿಯಿತು, ಇನ್ನೇನು ಬೇಕು?

"ಸಂಜಿ ರೈಲಿಗಿ ನಾ ಹೈದರಾಬಾದಿಗಿ ಹೊಂಟೇನಿ. ಆಕಿನ್ನೂ ಕರ್ಕೊಂಡ ಹೋಗಬೇಕು, ತಡ ಮಾಡಿದಷ್ಟು ಅದು ಕೊರಳಿಗಿ ಇಳೀತದ," ಎಂದರು ಡಾಕ್ಟರು.

"ನಮ್ಮ ರಾಜ್ಯ ಬದಲಾಗ್ಯಾದಲ್ರಿ, ಅಲ್ಲಿ ನಮ್ಮನ್ನ ತಗೋತಾರೇನು?" ಪಂಢರಿ ಕೇಳಿದ.

"ಬ್ಯಾನಿಗೇನು ಗಡಿ ಇರ್ತದೇನೋ ಮಾರಾಯ? ಅದನ್ನ ನಾ ನೋಡ್ಕೋತೇನಿ. ಆಯಿ, ಆಕೀಗಿ ಹೇಳ್ರಿ. ಹೇಳೋದಲ್ಲ, ಕೇಳ್ರಿ."

ಕೇಳುವುದಂತೆ! ಮೂವತ್ತು ದಾಟದ ಸೊಸೆಯನ್ನು ಯಾವ ಅತ್ತೆ ಕೇಳಿದ್ದುಂಟು? ಕೌಸಲ್ಯಾಬಾಯಿ ಗೊಣಗುತ್ತಲೇ ಹೊರಗೆ ಬಂದಳು.

ಬೇವಿನ ಮರದ ಕೆಳಗೆ ಸತ್ಯಮ್ಮ ಬಾಯಿಗೆ ಬಟ್ಟೆ ಒತ್ತಿ ಕೂತಿದ್ದಳು. ಕೌಸಲ್ಯಾಬಾಯಿ ಡಾಕ್ಟರು ಹೇಳಿದ್ದಷ್ಟನ್ನೂ ಹೇಳಿದಳು. ಹಣೆಯ ಮಾತನ್ನೂ ಮುಚ್ಚಿಡಲಿಲ್ಲ, ಅಷ್ಟು ನಿಯತ್ತು ಅವಳಲ್ಲಿತ್ತು.

"ನಿನ್ನ ಹಣಿಗಿ ಏನೂ ಆಗಂಗಿಲ್ಲವ್ವಾ, ಹೆದರಬ್ಯಾಡ," ಪಂಢರಿ ನಡುವೆ ಬಾಯಿ ಹಾಕಿದ. "ಹೊಲಿದು ಬಿಡ್ರಿ ಅಂತ ಹೇಳಿ ಬಂದೇವಿ. ಕುಂಕುಮ ಉಳೀತದ, ಅದೇ ದೊಡ್ಡದು."

ಸತ್ಯಮ್ಮ ಬಟ್ಟೆ ತೆಗೆದು ಏನೋ ಹೇಳಲು ಹೋದಳು. ಬಾವು ತುಂಬಿದ ನಾಲಿಗೆ ಏಳಲಿಲ್ಲ. ಮತ್ತೊಮ್ಮೆ ಯತ್ನಿಸಿದಳು, ಕಣ್ಣಲ್ಲಿ ನೀರು ಬಂತು. ಪಂಢರಿ, "ಇರಲಿ, ಇರಲಿ, ತ್ರಾಸ ಮಾಡ್ಕೋಬ್ಯಾಡ, ನಮಗ ತಿಳೀತು," ಎಂದು ಒಳಗೆ ಹೋಗಲು ತಿರುಗಿದ. ಅವನಿಗೆ ಏನು ತಿಳಿದಿತ್ತೋ ದೇವರೇ ಬಲ್ಲ.

ಆಗ ಸತ್ಯಮ್ಮ ಪಕ್ಕದಲ್ಲಿದ್ದ ತಂಬಿಗೆಯ ನೀರಿಗೆ ಸೆರಗಿನ ಚುಂಗು ಅದ್ದಿದಳು. ಅತ್ತೆಯ ಮುಖವನ್ನೇ ನೋಡುತ್ತಾ, ಆಸ್ಪತ್ರೆಯ ಅಷ್ಟೂ ಜನರ ಎದುರಿಗೆ, ಹಣೆಯ ಕುಂಕುಮವನ್ನು ಒರೆಸಿಕೊಂಡಳು. ಒಂದೇ ಸಲಕ್ಕೆ ಹೋಗಲಿಲ್ಲ. ಚರ್ಮ ಕೆಂಪಾಗುವ ತನಕ ತಿಕ್ಕಿದಳು. ಆಮೇಲೆ ಆ ಬರಿಯ ಹಣೆಯನ್ನು ಬೆರಳಿನಿಂದ ಮುಟ್ಟಿ, ಅದೇ ಬೆರಳನ್ನು ಬಾಯಿಗೆ ತಂದಳು.

"ಏ, ಏ! ಹುಚ್ಚು ಹಿಡೀತೇನು? ಗಂಡ ಜೀವಂತ ಇದ್ದಾನ!" ಪಂಢರಿ ಕೂಗಿದ. ವರಾಂಡದ ಜನ ತಿರುಗಿ ನೋಡಿದರು.

ಕೌಸಲ್ಯಾಬಾಯಿಯ ಕೈ ಸೊಸೆಯ ಕೈ ಹಿಡಿಯಲು ಎದ್ದಿತ್ತು, ಅರ್ಧಕ್ಕೇ ನಿಂತಿತು. ತನ್ನ ಹಣೆ ಒರೆಸಿದ ದಿನ ಯಾರಾದರೂ ತನ್ನನ್ನು ಒಂದು ಮಾತು ಕೇಳಿದ್ದರೇ? ಇಲ್ಲ. ಬೇಡ ಎನ್ನಲು ಅವತ್ತು ಅವಳಿಗೆ ನಾಲಿಗೆ ಇತ್ತು, ಆದರೂ ಅಂದಿರಲಿಲ್ಲ. ಈ ಹುಡುಗಿ ಅರ್ಧ ನಾಲಿಗೆ ಕೊಳೆತು ಕೂತರೂ ತನ್ನ ಮಾತು ಹೇಳಿಯೇ ಬಿಟ್ಟಳಲ್ಲ! ಆ ಹುಣ್ಣಿನ ಮೇಲೆ ಮಿಸ್ರಿ ಒತ್ತಿಸಿದವಳು ತಾನು. ಈಗ ಮಾತನ್ನೂ ಹೊಲಿಸಿಬಿಡಲು ಹೊರಟವಳೂ ತಾನೇ.

"ನಿಂದ್ರು ಪಂಢರಿ," ಎಂದಳು. "ಡಾಕ್ಟರ್ ಸಾಬ ಹೇಳಿದಂಗ ಆಗಲಿ. ಹಣಿ ತೊಗಲು ತಗೊಂಡು ನಾಲಿಗಿ ಕಟ್ಟಲಿ."

"ವೈನಿ, ಮಂದಿ ಏನಂತಾರ?"

"ಹೋದ ವರ್ಷ ತಬ್ಬಲಿ ಮರಿಗಿ ಯಾವ ಕುರೀನೂ ಮಲಿ ಕೊಡಲಿಲ್ಲ. ಆವಾಗ ಬ್ಯಾರೆ ಕುರೀದು ಸತ್ತ ಮರಿ ತೊಗಲು ಸುಲಿದು ತಬ್ಬಲಿ ಮೈಗಿ ಹೊದಿಸಿದವ ಯಾರು? ನೀನೇ ಅಲ್ಲೇನು? ಸತ್ತ ಮರಿ ತಾಯಿ ಮೂಸಿ ನೋಡಿ ಹಾಲು ಕೊಟ್ಟಿತಿಲ್ಲೋ? ಆ ಹೊತ್ತಿನಾಗ ಮಂದಿ ಏನಂತಾರ ಅಂತ ಕೇಳ್ದೇನು?"

"ಅದು ಕುರಿ, ವೈನಿ!"

"ಹೌದಪಾ, ಕುರಿ. ಕುರೀಗಿ ಇರೋ ಕಿಮ್ಮತ್ತು ಸೊಸೀಗಿಲ್ಲೇನು ನಮ್ಮ ಮನ್ಯಾಗ?"

ಪಂಢರಿ ರುಮಾಲು ತೆಗೆದು ಕೊಡವಿ ಮತ್ತೆ ಸುತ್ತಿಕೊಂಡ. ಕೌಸಲ್ಯಾಬಾಯಿ ಒಳಗೆ ಹೋಗಿ ಡಾಕ್ಟರು ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತಿದಳು. "ಏನರ ಕೆಟ್ಟದಾದ್ರ ಬೈಗಳ ನನಗಿರಲಿ, ಬೈಯಾವ ನನ್ನ ಮಗಾ ಆಗಲಿ, ಊರಾಗಲಿ," ಎಂದಳು.

ಹೈದರಾಬಾದಿನ ದಿನಗಳನ್ನು ಅವಳು ಹೇಗೆ ಕಳೆದಳೋ! ಶಸ್ತ್ರಕ್ರಿಯೆಯಾದ ಮೇಲೆ ಸೊಸೆಯ ಮುಖ ಕಂಡು ಗೋಡೆ ಹಿಡಿದು ಕೂತಳು. ತಲೆಗೆಲ್ಲ ಪಟ್ಟಿ, ಮೂಗಿನಲ್ಲಿ ನಳಿಗೆ, ಹಣೆಯ ಬದಿಯಿಂದ ಕೆನ್ನೆಯೊಳಕ್ಕೆ ಇಳಿದ ಚರ್ಮದ ಮಡಿಕೆ. ಮಾಡಬಾರದ್ದು ಮಾಡಿದೆನೇ ಎಂದು ತಲೆ ಚಚ್ಚಿಕೊಂಡಳು. ಕೆಲವು ವಾರಗಳ ನಂತರ ಇನ್ನೊಂದು ಸಲ ಒಳಗೆ ಒಯ್ದು ಆ ಮಡಿಕೆಯನ್ನು ಬಿಡಿಸಿದರು. ಇಷ್ಟೆಲ್ಲ ಕಂಡೂ ಕೌಸಲ್ಯಾಬಾಯಿ, ಚಡಪಡಿಕೆ ತಡೆಯದೆ, ಆಸ್ಪತ್ರೆಯ ಹಿಂದಿನ ಗಟಾರದ ಬಳಿ ಕೂತು ಮಿಸ್ರಿ ಉಜ್ಜುತ್ತಿದ್ದಳು. ಚಟ ಎಂಬುದು ಅಷ್ಟು ಸುಲಭಕ್ಕೆ ಬಿಡುವ ನೆಂಟನಲ್ಲ.

ಕುರಿಯನ್ನು ಬೇರೆಯವರಿಗೆ ಒಪ್ಪಿಸಿ ಧೊಂಡಿಬಾ ಬಂದಾಗ ಅವಳು ಅವನ ಬೈಗಳಿಗೆ ಕಾದು ನಿಂತಳು. ಅವನು ಹೆಂಡತಿಯ ಹಣೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ತಾಯಿಯ ಕಡೆ ತಿರುಗಿ, "ಅಂಬಲಿ ಏನರ ಕುಡದಾಳೇನವ್ವಾ ಇವತ್ತು?" ಎಂದ. ಕೌಸಲ್ಯಾಬಾಯಿ ಸೆರಗು ಬಾಯಿಗೊತ್ತಿ ಅತ್ತಳು.

ಸತ್ಯಮ್ಮ ಅಂಬಲಿ ಕುಡಿದಳು, ಮೆತ್ತಗಿನ ಅನ್ನ ನುಂಗಿದಳು. ಮಾತು ತೊದಲಿದರೂ ಲಕ್ಷ್ಯಗೊಟ್ಟರೆ ತಿಳಿಯುತ್ತಿತ್ತು. ಹಣೆಯ ಚರ್ಮಕ್ಕೆ ಬೇರೆಯೇ ಬಣ್ಣ, ಅಂಚಿಗೆ ತಗ್ಗು. ಊರಿಗೆ ಮರಳಿದ ಮೇಲೆ ಕುಂಕುಮವನ್ನು ಬೈತಲೆಯ ಬುಡದಲ್ಲಿ ಹಚ್ಚಿಕೊಂಡಳು. ಕೆಲ ಹೆಂಗಸರು ಆಡಿಕೊಂಡರು. ಆಡಿಕೊಳ್ಳಲಿ, ಅವರ ಬಾಯಿಗೆ ಯಾವ ಡಾಕ್ಟರ ಹತ್ತಿರವೂ ಇಲಾಜಿಲ್ಲ.

ಮುಂದಿನ ತಪಾಸಣೆಗೆ ಎಲ್ಲರೂ ಬೀದರಕ್ಕೆ ಹೋದರು. ಡಾಕ್ಟರು ಬಾಯಿ ನೋಡಿ, ಕೊರಳು ಒತ್ತಿ, "ಎಲ್ಲಾ ಛಲೋ ಅದ," ಎಂದರು. ಆ ಖುಷಿಗೋ ಏನೋ, ಬಾಗಿಲ ಬಳಿ ನಿಂತಿದ್ದ ಕೌಸಲ್ಯಾಬಾಯಿಯ ಬೆರಳು ತಾನಾಗಿ ಸೊಂಟದ ಮಿಸ್ರಿ ಡಬ್ಬಿಗೆ ಹೋಯಿತು, ಅಲ್ಲಿಂದ ಬಾಯಿಗೆ.

"ಅತ್ತಿ, ಉಗುಳ್ರಿ ಅದನ್ನ."

ಮಾತು ತೊದಲಾಗಿತ್ತು. ಆದರೂ ಕೋಣೆಯಲ್ಲಿದ್ದವರಿಗೆಲ್ಲ ತಿಳಿಯಿತು. ಮದುವೆಯಾಗಿ ಬಂದಂದಿನಿಂದ ಅತ್ತೆಗೆ ಎದುರು ಮಾತಾಡದ ಸೊಸೆ ಎದ್ದು ನಿಂತಿದ್ದಳು.

ಪಂಢರಿ ಕಿಸಕ್ಕನೆ ನಕ್ಕ. "ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ ಅಂತ ಸುಳ್ಳಲ್ಲ ನೋಡ್ರಿ ವೈನಿ!"

ಕೌಸಲ್ಯಾಬಾಯಿ ಹೊರಗೆ ಹೋಗಿ ಉಗುಳಿದಳು. ನಲ್ಲಿಯ ನೀರಿನಲ್ಲಿ ಮುಕ್ಕಳಿಸಿದಳು, ಮತ್ತೆ ಮುಕ್ಕಳಿಸಿದಳು. ಒಳಗೆ ಬಂದು ಸತ್ಯಮ್ಮ ಎದ್ದ ಸ್ಟೂಲಿನ ಮೇಲೆ ತಾನು ಕೂತಳು. ಏನು ಕಾಣುತ್ತದೋ ಎಂಬ ಹೆದರಿಕೆಯಿಂದ ಇಷ್ಟು ದಿನ ಅವಳು ಕನ್ನಡಿಯ ಎದುರಿಗೂ ಬಾಯಿ ತೆರೆದಿರಲಿಲ್ಲ.

"ನಂದೂ ಒಮ್ಮಿ ನೋಡ್ರಿ, ಸಾಬ," ಎಂದಳು.

ಡಾಕ್ಟರು ಬ್ಯಾಟರಿ ಹಚ್ಚಿದರು. ಅವಳು ಕಣ್ಣು ಮುಚ್ಚಿ, ಹಲ್ಲು ಕಾಣುವಷ್ಟೇ ಬಾಯಿ ತೆರೆದಳು. ಸತ್ಯಮ್ಮ ಪಕ್ಕಕ್ಕೆ ಬಂದು ಅವಳ ಹೆಗಲ ಮೇಲೆ ಕೈ ಇಟ್ಟಳು.

"ಇನ್ನೂ ದೊಡ್ಡದಾಗಿ ತೆರೀರಿ ಅತ್ತಿ. ನಾ ಇಲ್ಲೇ ಇದ್ದೇನಿ."