ಸುಳ್ಳು ಹೂಂ

'ಹೂಂ' ಅಂದದ್ದಾಗಿತ್ತು. ಯಾವುದಕ್ಕೆ ಅಂದೆ ಎಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಒಂದು ಕಾಲಿಗೆ ಕಾಲುಚೀಲ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಕೂತಿದ್ದ. ಎದುರಿಗೆ ಹೆಂಡತಿ ಕೂತು ಸುಮಾರು ಹೊತ್ತಿನಿಂದ ಏನೋ ಹೇಳುತ್ತಿದ್ದಳು. ಅವನ ಕಣ್ಣು ಅವಳ ಮುಖದ ಮೇಲೆಯೇ ಇತ್ತು. ತಲೆಯೊಳಗೆ ಮಾತ್ರ ಲ್ಯಾಬಿನ ಸರ್ಕ್ಯೂಟಿನ ಒಂದು ಟ್ರಾನ್ಸಿಸ್ಟರು ಬೇಡದ ಕರೆಂಟು ಕುಡಿಯುತ್ತಿತ್ತು. ಅವಳ ದನಿ ಕೊನೆಯಲ್ಲಿ ಮೇಲೇರಿತು. ಪ್ರಶ್ನೆಯಿರಬೇಕು ಅಂದುಕೊಂಡು ಹೂಂ ಅಂದ.

ಅವಳ ಕಣ್ಣಲ್ಲಿ ನೀರಿತ್ತು.

"ಇಷ್ಟು ಬೇಗ ಒಪ್ಕೋತೀರಿ ಅಂದ್ಕೊಂಡಿರ್ಲಿಲ್ಲ," ಅಂದಳು. "ಹಾಗಾದ್ರೆ ಸಂಜೆ ಒಳಗೆ ಎಲ್ಲ ಮುಗಿಸ್ಬಿಡ್ತೀನಿ."

"ಹೂಂ."

ಅದು ಎರಡನೆಯದು. ಏನು ವಿಷಯ ಎಂದು ಆಗಲೇ ಕೇಳಬಹುದಿತ್ತು. ಕೇಳಿದ್ದರೆ ಮೊದಲನೆಯ ಹೂಂನ ಬಣ್ಣ ಬಯಲಾಗುತ್ತಿತ್ತು. ಕಾಲುಚೀಲ ಏರಿಸಿಕೊಂಡು ಹೊರಟುಬಿಟ್ಟ.

ಬಸ್ಸಿನಲ್ಲಿ ನಿಂತು ಲೆಕ್ಕ ಹಾಕಿದ. ಹೊಸ ಫ್ರಿಜ್ಜು? ಫ್ರಿಜ್ಜಿಗೆ ಯಾರೂ ಅಳುವುದಿಲ್ಲ. ಅತ್ತೆ ಬಂದು ಇರುವ ವಿಚಾರವೇ? ಅದಾದರೆ ಅಳಬೇಕಾದವನು ತಾನು. ತನ್ನ ತಮಾಷೆಗೆ ತಾನೇ ಸ್ವಲ್ಪ ನಕ್ಕ.

ಹೊಟ್ಟೆಪಾಡಿಗೆ ಅವನು ಮಾಡುತ್ತಿದ್ದುದು ಕೇಳಿಸಿಕೊಳ್ಳುವ ಯಂತ್ರವನ್ನು. ಹಾಸಿಗೆ ಹಿಡಿದವರು ಗುಂಡಿ ಒತ್ತಿದರೆ ಪಕ್ಕದ ಕೋಣೆಯಲ್ಲಿ ಗೊತ್ತಾಗಬೇಕು, ನಡುವೆ ತಂತಿ ಇರಬಾರದು, ಅಂಗಿಯ ಗುಂಡಿಯಷ್ಟು ಬ್ಯಾಟರಿಯಲ್ಲಿ ಐದು ವರ್ಷ ನಡೆಯಬೇಕು. ಸದಾ ಕಿವಿ ತೆರೆದಿಟ್ಟರೆ ಬ್ಯಾಟರಿ ವಾರ ತಾಳುವುದಿಲ್ಲ. ಆದ್ದರಿಂದ ರಿಸೀವರು ಮಲಗಿರುತ್ತದೆ. ಸೆಕೆಂಡಿಗೊಮ್ಮೆ ಚೂರು ಎಚ್ಚರವಾಗಿ, ತನ್ನ ಹೆಸರು ಕೇಳಿಸದಿದ್ದರೆ ಮಗ್ಗುಲು ಬದಲಿಸುತ್ತದೆ. ಕೇಳಿಸಿದರೆ, ತಲುಪಿತು ಎಂದು ಕರೆದವರಿಗೆ ಮರುಸಂಕೇತ ಕಳಿಸುತ್ತದೆ. ಆ ಸಂಕೇತಕ್ಕೆ ಲ್ಯಾಬಿನಲ್ಲಿ ಎಲ್ಲರೂ ಹೂಂ ಅನ್ನುತ್ತಿದ್ದರು. ಹೆಸರಿಟ್ಟವನು ಅವನೇ.

ಇಷ್ಟು ಕಡಿಮೆ ಕರೆಂಟಿನಲ್ಲಿ ಕೇಳಿಸಿಕೊಳ್ಳುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಮೇಲಿನವರು ಹೊಗಳುತ್ತಿದ್ದರು. ಮನೆಯಲ್ಲಿ ಹತ್ತು ವರ್ಷದಿಂದ ಅಭ್ಯಾಸ ನಡೆದಿದೆ ಎಂಬುದು ಪಾಪ ಅವರಿಗೇನು ಗೊತ್ತು.

ಲ್ಯಾಬಿನ ಬಾಗಿಲಲ್ಲೇ ಪರೀಕ್ಷಾ ವಿಭಾಗದ ಹುಡುಗಿ ಅವನ ರಿಸೀವರಿನ ಬೋರ್ಡು ಹಿಡಿದು ಕಾಯುತ್ತಿದ್ದಳು.

"ಸಾರ್, ಇದು ಸುಳ್ಳು ಹೇಳ್ತಿದೆ."

"ಅಂದ್ರೆ?"

"ನೂರು ಸಲ ಕರೆದೆ. ನೂರು ಸಲಾನೂ ಹೂಂ ಅಂತು. ಮೆಮೊರಿ ತೆಗೆದು ನೋಡಿದ್ರೆ ಅರವತ್ತೊಂದೇ ಇದೆ."

"ಮಿಕ್ಕಿದ್ದು?"

"ಕೇಳಿಸ್ಕೊಂಡೇ ಇಲ್ಲ ಸಾರ್. ಸುಮ್ನೆ ಹೂಂ ಅಂದಿದೆ."

ತಪ್ಪು ಎಲ್ಲಿದೆಯೆಂದು ಅವನಿಗೆ ಅಲ್ಲಿ ನಿಂತಲ್ಲೇ ಹೊಳೆಯಿತು. ತಿಂಗಳ ಹಿಂದೆ, ಕರೆಂಟು ಉಳಿಸಲೆಂದು, ಹೂಂ ಅನ್ನುವ ಕೆಲಸವನ್ನು ಒಳಗಿನ ದೊಡ್ಡ ಸರ್ಕ್ಯೂಟಿನಿಂದ ಕಿತ್ತು ಬಾಗಿಲು ಕಾಯುವ ಪುಟ್ಟ ಸರ್ಕ್ಯೂಟಿಗೆ ಕೊಟ್ಟಿದ್ದ. ಬಾಗಿಲಲ್ಲಿರುವುದು ಹೂಂ ಅಂದು ಕಳಿಸಿಬಿಡುತ್ತಿತ್ತು. ಒಳಗಿನ ಯಜಮಾನ ಏಳುವಷ್ಟರಲ್ಲಿ ಮಾತು ಮುಗಿದಿರುತ್ತಿತ್ತು. ಈ ಜಾಣತನಕ್ಕೆ ಅವತ್ತು ಇಡೀ ಲ್ಯಾಬು ಚಪ್ಪಾಳೆ ತಟ್ಟಿತ್ತು.

"ಇನ್ನೊಂದು ನೋಡಿ," ಅನ್ನುತ್ತ ಹುಡುಗಿ ಗೋಡೆಯ ಮೇಲಿನ ದೀಪದ ಸ್ವಿಚ್ಚು ಒತ್ತಿದಳು. ಚಟಕ್ ಅನ್ನುತ್ತಲೂ ಬೋರ್ಡಿನ ಮೇಲೆ ಹಸಿರು ದೀಪ ಹತ್ತಿತು. ಹೂಂ ಕಳಿಸಿದಾಗ ಹತ್ತುವ ದೀಪ ಅದು. "ಯಾರೂ ಕರೀಲೇ ಇಲ್ಲ. ಸ್ವಿಚ್ಚಿನ ಕಿಡಿ ಸಾಕು ಇದಕ್ಕೆ. ಇದನ್ನ ನಂಬ್ಕೊಂಡು ಹಾಸಿಗೇಲಿರೋರು ಯಾರೋ ಬರ್ತಾರೆ ಅಂತ ಕಾಯ್ತಾ ಇರ್ತಾರಲ್ಲ ಸಾರ್."

"ಇವತ್ತು ಯಾರಿಗೂ ಹೇಳ್ಬೇಡ. ಮನೆಗೆ ಒಯ್ದು ನೋಡ್ತೀನಿ," ಅಂದ.

ಮಧ್ಯಾಹ್ನ ಊಟ ಸೇರಲಿಲ್ಲ. ಹೆಂಡತಿಗೆ ಫೋನು ಮಾಡುವ ಧೈರ್ಯವಿಲ್ಲದೆ ನಾದಿನಿಗೆ ಮಾಡಿದ.

"ನಿಮ್ಮಕ್ಕ ಏನಾದ್ರೂ ಹೇಳಿದ್ಲಾ?"

"ಎಲ್ಲ ಹೇಳಿದ್ಲು ಭಾವ. ನೀವು ಇಷ್ಟು ದೊಡ್ಡ ಮನಸ್ಸು ಮಾಡ್ತೀರಿ ಅಂತ ನಾವ್ಯಾರೂ ತಿಳ್ಕೊಂಡಿರ್ಲಿಲ್ಲ."

"ಅದರಲ್ಲೇನಿದೆ," ಅಂದ.

"ಬೇರೆಯವರಾಗಿದ್ರೆ ರಂಪ ಮಾಡ್ತಿದ್ರು. ಫೋನ್ ಇಡ್ಲಾ ಭಾವ? ಕೋಣೆ ಖಾಲಿ ಮಾಡೋದಿದೆ."

ಯಾರ ಕೋಣೆ, ಯಾರಿಗೆ ಎಂದು ಕೇಳುವ ಮೊದಲೇ ಅವಳು ಇಟ್ಟಾಗಿತ್ತು. ತನ್ನ ದೊಡ್ಡ ಮನಸ್ಸನ್ನು ಹೊತ್ತುಕೊಂಡು ಅವನು ಸಂಜೆಯವರೆಗೆ ಮೀಟರಿನ ಪರದೆ ನೋಡುತ್ತ ಕೂತ.

ಮನೆಯ ಬಾಗಿಲು ತೆರೆದಿತ್ತು. ಫ್ರಿಜ್ಜು ಹಳೆಯದೇ. ಹಜಾರದ ನಡುವೆ ಎರಡು ದೊಡ್ಡ ಪೆಟ್ಟಿಗೆಗಳು ನಿಂತಿದ್ದವು. ಗೋಡೆಯ ಮೂಲೆಯಲ್ಲಿರುತ್ತಿದ್ದ ಮಗಳ ಶಾಲೆಯ ಚೀಲ, ಬಣ್ಣದ ಡಬ್ಬಿ ಇರಲಿಲ್ಲ.

"ಅವಳು ಶಾಲೆಯಿಂದ ನೇರ ಚಿಕ್ಕಮ್ಮನ ಮನೆಗೆ ಹೋದ್ಲು," ಅಂದಳು ಹೆಂಡತಿ. "ನನಗೊಂದು ಮನೆ ಸಿಗೋ ತನಕ ಇಬ್ರೂ ಅಲ್ಲೇ ಇರ್ತೀವಿ. ಭಾನುವಾರ ಭಾನುವಾರ ನಿಮ್ಮ ಹತ್ರ ಕಳಿಸ್ತೀನಿ. ಬೆಳಿಗ್ಗೆ ಹೇಳಿದ ಹಾಗೇ."

ಬೆಳಿಗ್ಗೆ ಹೇಳಿದ ಹಾಗೆ. ಅವನು ಚೀಲದಿಂದ ಬೋರ್ಡು ತೆಗೆದು ಮೇಜಿನ ಮೇಲಿಟ್ಟ. ಕೈಗೆ ಏನಾದರೂ ಕೆಲಸ ಬೇಕಿತ್ತು. ಬ್ಯಾಟರಿ ಹಾಕಿದ. ಕುರ್ಚಿಯಲ್ಲಿ ಕೂತ.

"ಒಂದು ಮಾತು ಹೇಳ್ಲೇಬೇಕು," ಅಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಮಾತು ನಿಮ್ಮ ಕಿವಿಗೆ ಬೀಳೋದೇ ಇಲ್ಲ ಅನ್ನೋದಕ್ಕೇ ಹೊರಟವಳು ನಾನು. ಇವತ್ತು ಮಾತ್ರ ನೀವು ನನ್ನ ಮುಖಾನೇ ನೋಡ್ತಾ, ಮಧ್ಯೆ ಬಾಯಿ ಹಾಕದೆ, ಪೂರ್ತಿ ಕೇಳಿಸ್ಕೊಂಡ್ರಿ. ಹತ್ತು ವರ್ಷದಲ್ಲಿ ಅದೇ ಮೊದಲು. ಅದೊಂದನ್ನ ನೆನಪಿಟ್ಕೋತೀನಿ."

ಅವನಿಗೆ ಹೆದರಿಕೆಯಾಯಿತು. ಅವಳು ಹೋಗುವುದು ಅವನಿಗೆ ಬೇಡವಾಗಿತ್ತು. ಕೇಳಿಸಿರಲಿಲ್ಲ ಎಂದು ಹೇಳಿದರೆ ಬೆಳಗಿನ ಒಪ್ಪಿಗೆ ಸುಳ್ಳಾಗುತ್ತದೆ, ಅವಳು ಹೊರಟದ್ದಕ್ಕೆ ಕಾರಣ ನಿಜವಾಗುತ್ತದೆ. ಹೇಳದಿದ್ದರೆ ಕೊನೆಗೂ ಒಳ್ಳೆಯ ಗಂಡ ಅನ್ನಿಸಿಕೊಳ್ಳುತ್ತಾನೆ, ಗಂಡನಾಗಿ ಉಳಿಯುವುದಿಲ್ಲ. ಇಂಥ ಸರ್ಕ್ಯೂಟನ್ನು ಬೇರೆ ಯಾರಾದರೂ ಬರೆದಿದ್ದರೆ ಅವನು ಹೊಟ್ಟೆತುಂಬ ನಗುತ್ತಿದ್ದ.

ಅವಳು ಪೆಟ್ಟಿಗೆಗಳನ್ನು ಹೊರಗಿಟ್ಟಳು. ಹೊಸ್ತಿಲ ಮೇಲೆ ನಿಂತು ತಿರುಗಿದಳು.

"ಇನ್ನೊಂದ್ಸಲ ಕೇಳ್ತೀನಿ. ನಾವು ಹೋಗೋದು ನಿಮಗೆ ನಿಜವಾಗ್ಲೂ ಸರೀನಾ?"

ಈ ಸಲ ಒಂದೊಂದು ಅಕ್ಷರವೂ ಕೇಳಿಸಿತು. ಅವಳ ಉಸಿರು ಕೇಳಿಸಿತು, ಕೆಳಗೆ ಕಾಯುತ್ತಿದ್ದ ಕಾರಿನ ಎಂಜಿನ್ನು ಕೇಳಿಸಿತು. ಬೇಡ ಅನ್ನಲು ಬಾಯಿ ತೆರೆದ. ತೆರೆದ ಬಾಯಿ ಹಾಗೇ ಮುಚ್ಚಿ, ಬೋರ್ಡಿನ ಬ್ಯಾಟರಿಯನ್ನು ಬೆರಳಿನಿಂದ ಒತ್ತಿ ಕೂರಿಸಿದ. ಅವಳು ಕಾದಳು.

ಆಮೇಲೆ, ಮನೆಯಿಂದ ಹೊರಡುವಾಗಿನ ಅಭ್ಯಾಸದಂತೆ, ಅವಳ ಕೈ ಗೋಡೆಯ ಸ್ವಿಚ್ಚಿಗೆ ಹೋಯಿತು. ಕರೆಂಟು ಉಳಿಸಬೇಕೆಂದು ಆ ಅಭ್ಯಾಸ ಕಲಿಸಿದವನು ಅವನೇ.

ಚಟಕ್ ಅಂತು. ಕತ್ತಲಾದ ಹಜಾರದಲ್ಲಿ, ಅವನ ಮುಂದಿನ ಮೇಜಿನ ಮೇಲೆ, ಹಸಿರು ದೀಪ ಹತ್ತಿಕೊಂಡಿತು.