ಕಣ್ಣೆದುರಿನ ಮೂರು ದೀಪ

ನನಗೆ ಮೂಗಿನ ತುದಿಯಲ್ಲೇ ಕೋಪ ಅನ್ನೋದು ನಮ್ಮ ವಿಮಾನ ಕಂಪನಿಯಲ್ಲಿ ಎಲ್ಲರಿಗೂ ಗೊತ್ತು. ಕೋಪ ಇದೆ, ಒಪ್ಪಿದೆ. ಆದರೆ ತಲೆ ಕೆಟ್ಟಿದೆ ಅಂದರೆ ನಾನು ಸುಮ್ಮನಿರೋಳಲ್ಲ. ಇಷ್ಟು ವರ್ಷ ಕ್ಯಾಪ್ಟನ್ ಸೀಟಿನಲ್ಲಿ ಕೂತು, ಹತ್ತಿಸಿಕೊಂಡವರನ್ನೆಲ್ಲ ನೆಟ್ಟಗೆ ನೆಲಕ್ಕಿಳಿಸಿದವಳು ನಾನು. ಒಂದು ಬೆಳಗ್ಗೆ ಕಂಡದ್ದನ್ನು ಕಂಡೆ ಅಂದಿದ್ದಕ್ಕೆ ನನಗೇ ಹುಚ್ಚಿಯ ಪಟ್ಟ ಕಟ್ಟೋಕೆ ಹೊರಟರು.

ಆದದ್ದು ಇಷ್ಟು. ಕಡಲತೀರದ ಊರಿಗೆ ಬೆಳಗಿನ ಮೊದಲ ವಿಮಾನ. ಬೆನ್ನ ಹಿಂದೆ ಆಗಷ್ಟೇ ಬೆಳಕು ಹರಿಯುತ್ತಿತ್ತು, ಮುಂದೆ ಕೊಲ್ಲಿಯ ನೀರು ಇನ್ನೂ ಕಪ್ಪಗಿತ್ತು. ಯಾವುದೋ ವಿಮಾನ ಹೊರಡಲು ಕಾಯುತ್ತಿದೆ, ಬೇಗ ಇಳಿದುಬಿಡಿ ಅಂತ ಟವರ್‌ನವರು ಹೇಳಿದರು. ಇಳಿಯುತ್ತಾ ಬಂದೆ. ಇದ್ದಕ್ಕಿದ್ದಂತೆ ನಮ್ಮದೇ ಎತ್ತರದಲ್ಲಿ, ಮೂಗಿನ ನೇರಕ್ಕೆ, ಮೂರು ದೀಪ. ಗಾಜಿನ ಮೇಲೆ ಅತ್ತಿತ್ತ ಸರಿಯುವ ದೀಪಕ್ಕೆ ಹೆದರಬೇಕಿಲ್ಲ, ನಿಂತಲ್ಲೇ ನಿಂತು ದಪ್ಪಗಾಗುವ ದೀಪ ನಿಮ್ಮ ಮೇಲೇ ಬರುತ್ತಿದೆ ಅಂತ ನಮಗೆ ಮೊದಲ ದಿನವೇ ಕಲಿಸಿರುತ್ತಾರೆ. ಈ ಮೂರೂ ನಿಂತಲ್ಲೇ ನಿಂತು ದಪ್ಪಗಾದವು. ವಿಮಾನವನ್ನು ಎಳೆದು ಬಲಕ್ಕೆ ತಿರುಗಿಸಿ ಮೇಲಕ್ಕೆ ಹಾರಿಸಿದೆ. ಹಿಂದೆ ಚಹಾದ ಜಗ್ ಎತ್ತಿಡುತ್ತಿದ್ದ ಗಗನಸಖಿಯ ಕೈ ಸುಟ್ಟಿತು, ಪಾಪ.

ಆ ಕಡೆ ಯಾವ ವಿಮಾನವೂ ಇಲ್ಲ ಅಂದರು ಟವರ್‌ನವರು. ಅಕ್ಕಪಕ್ಕದ ವಿಮಾನಗಳನ್ನು ತೋರಿಸುವ ನಮ್ಮ ಪರದೆಯೂ ಖಾಲಿ. ಬೇರೆಯವರಾಗಿದ್ದರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರೇನೋ. ನಾನು ಇದ್ದದ್ದು ಇದ್ದಂತೆ ಬರೆದುಕೊಟ್ಟೆ.

ನಮ್ಮ ಚೀಫ್ ಪೈಲಟ್‌ಗೆ ನಾವೆಲ್ಲ ಇಟ್ಟ ಹೆಸರು ದೊಡ್ಡಪ್ಪ. ಬೆನ್ನ ಹಿಂದೆ ಮಾತ್ರ, ಎದುರಿಗೆ ಸರ್. ದೊಡ್ಡಪ್ಪ ಅವತ್ತೇ ನನ್ನನ್ನು ಹಾರಾಟದಿಂದ ಕೆಳಗಿಳಿಸಿದರು. ಪಕ್ಕದ ಸೀಟಿನಲ್ಲಿದ್ದ ಕೋ-ಪೈಲಟ್‌ನನ್ನು ಕೇಳಿದರೆ, ತಾನು ತಲೆ ತಗ್ಗಿಸಿ ಮೀಟರ್ ನೋಡುತ್ತಿದ್ದೆ, ಏನೂ ಕಾಣಲಿಲ್ಲ ಅಂದುಬಿಟ್ಟ. ಅವನ ಮನೆಯಲ್ಲಿ ಹಸುಗೂಸು, ಕೆಲಸ ಇನ್ನೂ ಖಾಯಂ ಆಗಿಲ್ಲ. ನಾನು ಅವನ ಮುಖ ನೋಡಿದೆ, ಅವನು ನೆಲ ನೋಡಿದ.

ಕಣ್ಣಿನ ಡಾಕ್ಟರ್ ನನ್ನ ಕಣ್ಣನ್ನು ಹೊಗಳಿ ಕಳಿಸಿದರು. ಆಮೇಲೆ ತಲೆಯ ಡಾಕ್ಟರ್. ನಿದ್ದೆ ಬರುತ್ತಾ, ಗಂಡನ ಜೊತೆ ಜಗಳ ಆಡ್ತೀರಾ ಅಂತೆಲ್ಲ ಕೇಳಿದರು. ಜಗಳ ಆಡದ ಹೆಂಡತಿ ಇದ್ದರೆ ಅವಳನ್ನು ಮೊದಲು ಪರೀಕ್ಷೆ ಮಾಡಿ ಅಂದೆ. ಅದನ್ನೂ ಬರೆದುಕೊಂಡರು!

ಕೊನೆಗೆ ದೊಡ್ಡಪ್ಪ ಕರೆದು ಬಾಗಿಲು ಹಾಕಿಕೊಂಡು ಮೆತ್ತಗೆ ವಿಷಯ ತೆಗೆದರು. ಬೆಳ್ಳಿ ಚುಕ್ಕಿ ನೋಡಿ ಬೆಚ್ಚಿಬಿದ್ದೆ ಅಂತ ಒಪ್ಪಿ ಸಹಿ ಹಾಕಿದರೆ ಮಾತು ಅಲ್ಲಿಗೆ ಮುಗಿಯಿತು, ಮತ್ತೆ ಹಾರಬಹುದು. ಇಲ್ಲದಿದ್ದರೆ ಕಾಗದಪತ್ರ ಲೈಸೆನ್ಸ್ ಮಂಡಳಿಗೆ ಹೋಗುತ್ತದೆ. ಅಲ್ಲಿ ಒಮ್ಮೆ ತಲೆಯ ಮೇಲೆ ಅನುಮಾನ ಬಿತ್ತೆಂದರೆ ನನ್ನ ವಯಸ್ಸಿಗೆ ಲೈಸೆನ್ಸ್ ವಾಪಸ್ ಸಿಗೋದು ಅಷ್ಟರಲ್ಲೇ ಇದೆ.

"ಬೆಳ್ಳಿ ಚುಕ್ಕಿ ಅವತ್ತು ನನ್ನ ಬೆನ್ನ ಹಿಂದಿತ್ತು ಸರ್. ಅದೂ ಒಂದೇ ಇತ್ತು," ಅಂದೆ. ಸಹಿ ಹಾಕದೆ ಎದ್ದು ಬಂದೆ.

ಮನೆಯಲ್ಲಿ ಅಮ್ಮ, ಒಂದು ಸಹಿ ತಾನೇ, ಹಾಕಿದರೆ ನಿನ್ನ ಗಂಟೇನು ಹೋಗುತ್ತೆ ಅಂದಳು. ಅವಳಿಗೆ ಬಿಡಿಸಿ ಹೇಳಿದೆ. ಈಗ ನಾನು ಸುಳ್ಳು ಹೇಳಿದರೆ, ನಾಳೆ ಆ ದೀಪ ಕಂಡ ಇನ್ನೊಬ್ಬ ಗಾಬರಿಯಲ್ಲಿ ಎಡಕ್ಕೆ ತಿರುಗಿಸುತ್ತಾನೆ. ಎಡಕ್ಕಿರೋದು ಗುಡ್ಡ. ಇಲ್ಲವೇ, ಓ ಇದು ಅವಳ ಬೆಳ್ಳಿ ಚುಕ್ಕಿ ಅಂತ ನಕ್ಕು ನೇರ ಹೋಗುತ್ತಾನೆ. ಅವತ್ತು ಎದುರಿಗಿರೋದು ನಿಜವಾದ ವಿಮಾನವಾಗಿದ್ದರೆ? ಅಮ್ಮ ತಟ್ಟೆ ತಂದು ನನ್ನ ಮುಂದಿಟ್ಟಳು.

"ಹಾಗಾದ್ರೆ ಹಾಕ್ಬೇಡ ಬಿಡು. ಆದ್ರೆ ಊಟ ಮಾಡು," ಅಂದಳು.

ಮರುದಿನ ಹವಾಮಾನ ಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿ ನನ್ನ ಕಾಲೇಜಿನ ಗೆಳತಿ. ನಾನು ಹೇಳಿದ್ದಕ್ಕೆ ಅವಳು ನಗಲಿಲ್ಲ. ಗಾಳಿ ಬೀಸದ ತಿಳಿಯಾದ ಬೆಳಗ್ಗೆ ನೀರಿನ ಮೇಲೆ ತಣ್ಣನೆಯ ಗಾಳಿ ಮಲಗಿರುತ್ತದೆ, ಅದರ ಮೇಲೆ ಬೆಚ್ಚನೆಯ ಗಾಳಿ ಹೊದಿಕೆ ಹೊದ್ದಂತೆ ಇರುತ್ತದೆ, ಇವೆರಡರ ನಡುವೆ ಬೆಳಕು ಬಾಗಿ ಬಹಳ ದೂರ ಹೋಗುತ್ತದೆ ಅಂತ ವಿವರಿಸಿದಳು. ಕೊಲ್ಲಿಯ ಆಚೆ, ರನ್‌ವೇಯಿಂದಲೂ ಬಹಳ ದೂರದ ಬಂದರಿನಲ್ಲಿ ಮೂರು ಎತ್ತರದ ಕ್ರೇನ್‌ಗಳಿವೆ. ಅವುಗಳ ದೀಪ ನಮಗೆ ಕಾಣಬಾರದು, ಅವು ದಿಗಂತದ ಕೆಳಗಿವೆ. ಅಂಥ ಬೆಳಗ್ಗೆ ಮಾತ್ರ ಗಾಳಿಯೇ ಅವನ್ನು ಎತ್ತಿ ತಂದು ಕಣ್ಣೆದುರು ನಿಲ್ಲಿಸಬಹುದು.

ಆಮೇಲೆ ಅವಳು ಇನ್ನೊಂದು ಮಾತು ಕೇಳಿದಳು. ಅಂಥ ಬೆಳಗ್ಗೆಗಳಲ್ಲೇ ನಿಮ್ಮ ಪೈಲಟ್‌ಗಳೆಲ್ಲ ಯಾಕೆ ಮೇಲೇ ಇದ್ದು, ಕೊನೇ ಗಳಿಗೆಯಲ್ಲಿ ದಡದಡ ಇಳೀತಾರೆ ಅಂತ.

ನನಗೆ ಕಪಾಳಕ್ಕೆ ಬಿಟ್ಟ ಹಾಗಾಯಿತು. ಹಿರಿಯರು ನನಗೂ ಹಾಗೇ ಹೇಳಿಕೊಟ್ಟಿದ್ದರು, ಕೊಲ್ಲಿಯ ಮೇಲೆ ಬೇಗ ಇಳೀಬೇಡ, ಕುಲುಕುತ್ತೆ ಅಂತ. ಗಾಳಿಯೇ ಇಲ್ಲದ ಬೆಳಗ್ಗೆ ಯಾವ ಕುಲುಕಾಟ? ಎಲ್ಲರೂ ನೋಡಿದ್ದಾರೆ! ನೋಡಿ, ತಲೆಯ ಡಾಕ್ಟರ್ ಹತ್ತಿರ ಕಳಿಸಿಯಾರು ಅಂತ ಹೆದರಿ, ಆ ಎತ್ತರಕ್ಕೇ ಹೋಗದ ಅಭ್ಯಾಸ ಮಾಡಿಕೊಂಡಿದ್ದಾರೆ. ಅವತ್ತು ಟವರ್‌ನವರು ಬೇಗ ಇಳಿಸಿದ್ದರಿಂದ ಸಿಕ್ಕಿಬಿದ್ದವಳು ನಾನು.

ನೇರ ಪೈಲಟ್‌ಗಳ ಕೋಣೆಗೆ ನುಗ್ಗಿದೆ. ಕಾಫಿ ಕುಡಿಯುತ್ತಾ ಕೂತಿದ್ದವರನ್ನೆಲ್ಲ, ಆ ದೀಪ ಯಾರ್ಯಾರು ನೋಡಿದ್ದೀರಿ ಅಂತ ಕೇಳಿದೆ. ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಮೈಯೆಲ್ಲ ಉರಿದುಹೋಯಿತು. ಅಲ್ಲಿಂದ ದೊಡ್ಡಪ್ಪನ ಕೋಣೆಗೆ ಹೋದೆ.

"ಸರ್, ನನ್ನ ಗೆಳತಿ ಹೇಳಿದ ಬೆಳಗ್ಗೆ, ನಾನು ಹೇಳಿದ ಎತ್ತರದಲ್ಲಿ ನೀವೇ ಹಾರಿಸಿ. ಏನೂ ಕಾಣದಿದ್ರೆ ಅಲ್ಲೇ ಸಹಿ ಹಾಕ್ತೀನಿ. ಬೆಳ್ಳಿ ಚುಕ್ಕಿನೋ, ಹುಣ್ಣಿಮೆ ಚಂದ್ರನೋ, ನೀವೇ ಆರಿಸ್ಕೊಳ್ಳಿ."

ದೊಡ್ಡಪ್ಪನೂ ಹಟದಲ್ಲಿ ನನಗೇನು ಕಡಿಮೆಯಿಲ್ಲ. ಆಗಲಿ ಅಂದರು.

ಆ ಬೆಳಗ್ಗೆ ಬಂತು. ಪ್ರಯಾಣಿಕರಿಲ್ಲದ ವಿಮಾನ. ದೊಡ್ಡಪ್ಪ ಎಡಕ್ಕೆ, ಅದೇ ಕೋ-ಪೈಲಟ್ ಬಲಕ್ಕೆ, ಅವರ ಹಿಂದಿನ ಮಡಿಸುವ ಸೀಟಿನಲ್ಲಿ ನಾನು. ಕೊಲ್ಲಿ ಬಂತು. ಏನೂ ಇಲ್ಲ. ಇನ್ನಷ್ಟು ಇಳಿದೆವು. ಏನೂ ಇಲ್ಲ. ಮುಗೀತು ನನ್ನ ಕಥೆ, ಇನ್ನು ಮನೆಯಲ್ಲಿ ಕೂತು ಗಂಡನ ಜೊತೆ ಜಗಳ ಆಡೋದೇ ಕೆಲಸ ಅಂದುಕೊಂಡೆ. ದೊಡ್ಡಪ್ಪ, ಸಹಿಗೆ ಪೆನ್ನು ತಂದಿದ್ದೀಯೇನಮ್ಮ ಅಂತ ತಮಾಷೆ ಶುರು ಮಾಡಿದರು. ಮಾತು ಅರ್ಧಕ್ಕೇ ನಿಂತಿತು.

ಮೊದಲು ಒಂದು, ಆಮೇಲೆ ಮೂರು. ಮೂಗಿನ ನೇರಕ್ಕೆ, ನಮ್ಮದೇ ಎತ್ತರದಲ್ಲಿ, ದಪ್ಪಗಾಗುತ್ತಾ. ಅವು ಕ್ರೇನ್ ದೀಪ ಅಂತ ದೊಡ್ಡಪ್ಪನಿಗೆ ನಾನು ನೂರು ಸಲ ಹೇಳಿದ್ದೆ. ಆದರೂ ಅವರ ಕೈ ತಡೆಯಲಿಲ್ಲ. ಎಳೆದು ಬಲಕ್ಕೆ ತಿರುಗಿಸಿ ಮೇಲಕ್ಕೆ ಹಾರಿಸಿಯೇಬಿಟ್ಟರು, ನಾನು ಅವತ್ತು ಮಾಡಿದ್ದನ್ನೇ. ನನ್ನ ತಲೆ ಹಿಂದಿನ ಬಾಗಿಲಿಗೆ ಠಪ್ಪನೆ ಬಡಿಯಿತು. ಪೆಟ್ಟು ತಿಂದು ಅಷ್ಟು ಖುಷಿಪಟ್ಟಿದ್ದು ಜನ್ಮದಲ್ಲಿ ಅದೇ ಮೊದಲು.

ಕೋ-ಪೈಲಟ್ ನನ್ನ ಕಡೆ ತಿರುಗಿದ. "ಮೇಡಂ, ಅವತ್ತೂ ನಾನು ನೋಡಿದ್ದೆ," ಅಂದ.

ಅವನಿಗೆಂದು ಎಷ್ಟೋ ಬೈಗುಳ ಕೂಡಿಟ್ಟಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ಅದೆಲ್ಲ ಆಮೇಲೆ, ಈಗ ಮೀಟರ್ ನೋಡು ಅಂದೆ.

ದೊಡ್ಡಪ್ಪ ಸುತ್ತಿ ಬಂದು ಮತ್ತೆ ಇಳಿದರು. ಈ ಸಲ ಹಲ್ಲು ಕಚ್ಚಿ ನೇರ ಹಿಡಿದರು. ದೀಪಗಳು ದಪ್ಪಗಾದವು, ಉದ್ದಕ್ಕೆ ಹಿಗ್ಗಿದವು, ನಾವು ಇನ್ನೂ ಸ್ವಲ್ಪ ಕೆಳಗಿಳಿದ ಕೂಡಲೇ ಮಾಯವಾದವು. ಮುಂದೆ ಬರೀ ನೀರು, ಅದರಾಚೆ ರನ್‌ವೇ. ಅವರು ಉಸಿರು ಬಿಟ್ಟು, ರೇಡಿಯೊ ಒತ್ತಿ, ಎಲ್ಲರಿಗೂ ಕೇಳುವಂತೆ ಹೇಳಿದರು:

"ಕೊಲ್ಲಿಯ ಮೇಲೆ ಮೂರು ಸುಳ್ಳು ದೀಪ ಇವೆ. ನಾನು ನೋಡಿದೆ, ಹೆದರಿ ವಿಮಾನ ತಿರುಗಿಸಿದೆ. ನಮ್ಮ ಕ್ಯಾಪ್ಟನ್ ಹೇಳಿದ್ದು ನಿಜ."

ರೇಡಿಯೊದಲ್ಲಿ ಯಾವುದೋ ಸರಕು ವಿಮಾನದ ಗಡಸು ದನಿ, ತಾನೂ ನೋಡಿದ್ದೇನೆ ಅಂತು. ಇನ್ನೊಬ್ಬ, ತಾನೂ ಅಂದ. ಕಾಫಿ ಕೋಣೆಯಲ್ಲಿ ಬಾಯಿ ಬಿಡದಿದ್ದವನ ದನಿ ನನಗೆ ಗುರುತು ಸಿಕ್ಕಿತು. ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು, ಕೊನೆಗೆ ಟವರ್‌ನವನು, ದಯವಿಟ್ಟು ಒಬ್ಬೊಬ್ಬರಾಗಿ ಹೇಳ್ರಪ್ಪಾ ಅಂತ ಬೇಡಿಕೊಳ್ಳಬೇಕಾಯಿತು. ನಾನು ಹಿಂದೆ ಕೂತು ಗೊಳೋ ಅಂತ ಅತ್ತೆ. ನಾಚಿಕೆಯೇನೂ ಆಗಲಿಲ್ಲ.

ಇಳಿದ ಮೇಲೆ ದೊಡ್ಡಪ್ಪ ಬೆಲ್ಟ್ ಬಿಚ್ಚಿ ಎದ್ದರು. "ಕೆಳಗಿಳಿಸಿದ್ದು ನಾನೇ, ಹತ್ತಿಸೋನೂ ನಾನೇ. ತಪ್ಪಾಯ್ತಮ್ಮ. ವಾಪಸ್ ನೀನೇ ಹಾರಿಸು," ಅಂದು ಎಡಗಡೆಯ ಕ್ಯಾಪ್ಟನ್ ಸೀಟು ಬಿಟ್ಟುಕೊಟ್ಟು, ತಾವು ಮಡಿಸುವ ಸೀಟಿನಲ್ಲಿ ಮುದುಡಿ ಕೂತರು.

ನಾನು ಕೂತೆ. ಪಕ್ಕದವನಿಗೆ ಒಂದೇ ಮಾತು ಹೇಳಿದೆ, ಇನ್ನು ಮುಂದೆ ಏನು ಕಂಡರೂ ಬಾಯಿಬಿಟ್ಟು ಹೇಳಬೇಕು ಅಂತ. ಅವನು ಅದನ್ನು ಎಷ್ಟು ಮನಸ್ಸಿಗೆ ಹಚ್ಚಿಕೊಂಡನೆಂದರೆ, ಮನೆಯ ದಾರಿಯುದ್ದಕ್ಕೂ ಮೇಡಂ ಹಡಗು, ಮೇಡಂ ಹಕ್ಕಿ, ಮೇಡಂ ಮೋಡ ಅನ್ನುತ್ತಲೇ ಬಂದ. ಒಂದು ಸಲವೂ ನಾನು ಗದರಲಿಲ್ಲ.