ದಾವಲಬಿ ಬಿಡುತ್ತಿದ್ದ ಅರ್ಧ ಊಟ

ನಾನು ಒಂದು ತಾಮ್ರದ ಪರಾತ, ಅಂದರೆ ದೊಡ್ಡ ಹರಿವಾಣ. ಗದಗಿನ ಕಂಚುಗಾರರ ಓಣಿಯಲ್ಲಿ ಏಟು ತಿಂದೇ ಅಗಲವಾದೆ. ದೊಡ್ಡವರಾಗುವ ಬೇರೆ ದಾರಿ ನಮ್ಮ ಕುಲಕ್ಕೆ ಗೊತ್ತಿಲ್ಲ. ಮೊದಲು ಒಬ್ಬ ಸಾಹುಕಾರರ ಮನೆಯ ಮದುವೆಗಳಲ್ಲಿ ಬಿರಿಯಾನಿ ಹೊತ್ತೆ. ಅವರಲ್ಲಿಗೆ ನಿಂತು ಉಣ್ಣುವ ಬಫೆ ಬಂದಾಗ, ಪುಣ್ಯವೂ ಬರಲಿ, ಅಟ್ಟವೂ ಖಾಲಿಯಾಗಲಿ ಎಂದು ನನ್ನನ್ನು ಹೆಣ್ಣುಮಕ್ಕಳ ಮದರಸಾಕ್ಕೆ ದಾನ ಕೊಟ್ಟರು.

ಅಲ್ಲೇ ಇದ್ದು ಓದುವ ಹುಡುಗಿಯರು ಐದೈದು ಮಂದಿ ಒಂದು ಪರಾತದ ಸುತ್ತ ಕೂತು ಉಣ್ಣುತ್ತಿದ್ದರು. ತಮ್ಮ ಮುಂದಿನದಕ್ಕಷ್ಟೇ ಕೈ ಹಾಕಬೇಕು. ಪಕ್ಕದವಳ ಪಾಲು ಮುಟ್ಟುವಂತಿಲ್ಲ.

ಕೊರೊನಾ ಬಂತು. ಮಕ್ಕಳು ಊರಿಗೆ ಹೋದರು, ಪಾಠ ಮೊಬೈಲಿಗೆ ಹೋಯಿತು, ನಾನು ನೀರಿನ ಹಂಡೆಯ ಮುಚ್ಚಳವಾದೆ. ಮತ್ತೆ ಬಾಗಿಲು ತೆರೆದಾಗ ಕಮಿಟಿಯವರು ಒಬ್ಬೊಬ್ಬರಿಗೂ ಒಂದೊಂದು ಸ್ಟೀಲ್ ತಾಟು ತಂದರು. ರೋಗ ಹೋದ ಮೇಲೂ ತಾಟು ಹೋಗಲಿಲ್ಲ.

ಆಗ ಬಂದವಳು ದಾವಲಬಿ. ತಾಯಿಯನ್ನು ಕೊರೊನಾ ಒಯ್ದಿತ್ತು. ಹುಡುಗಿ ದಿನವೂ ಅರ್ಧ ಊಟ ಬಿಡುತ್ತಿದ್ದಳು. ಅಡುಗೆಯನ್ನೂ ಮಕ್ಕಳನ್ನೂ ನೋಡಿಕೊಳ್ಳುವ ಖೈರುನ್ ಆಪಾ ಖಾರ ಕಡಿಮೆ ಮಾಡಿದರು, ಟಾನಿಕ್ ಕುಡಿಸಿದರು, ದುವಾ ಓದಿ ಊದಿದರು. ಸೊರಗಿದ ಮಗಳನ್ನು ಕಂಡ ತಂದೆ ರಾಜೇಸಾಬ, ಬರುವ ಶುಕ್ರವಾರವೂ ಹೀಗೇ ಇದ್ದರೆ ಓದು ಬಿಡಿಸಿ ಕರೆದೊಯ್ಯುವೆನೆಂದು ಹೇಳಿ ಹೋದ. ದಾವಲಬಿಗೆ ಓದು ಬೇಕಿತ್ತು. ಅತ್ತಳು, ಆದರೂ ಅರ್ಧ ಬಿಟ್ಟಳು.

ಗುರುವಾರ ಮಧ್ಯಾಹ್ನ ಆಪಾ ಅವಳೆದುರೇ ಕೂತರು. ಅನ್ನದ ನಡುವೆ ಬೆರಳಿನಿಂದ ಎಳೆದ ಗೆರೆ ಕಂಡಿತು. ಆಚೆ ಬದಿಯಲ್ಲಿ ಮೊಟ್ಟೆ ಇಡಿಯಾಗಿತ್ತು.

“ಆ ಕಡೀದು ಯಾಕ ಮುಟ್ಟಂಗಿಲ್ಲವ್ವಾ?”

“ಅದು ನಮ್ಮವ್ವಂದ್ರೀ ಆಪಾ. ಮನ್ಯಾಗ ಇಬ್ರೂ ಒಂದ ತಾಟಿನ್ಯಾಗ ಉಣ್ತಿದ್ವಿ.”

ಆಪಾ ಎದ್ದು ಹಂಡೆಯ ಮೇಲಿಂದ ನನ್ನನ್ನು ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜಿದರು. ಕಮಿಟಿಯವರನ್ನು ಕೇಳಲಿಲ್ಲ. ತಾಟಿನದನ್ನೆಲ್ಲ ನನಗೆ ಸುರಿದು, ಇನ್ನಷ್ಟು ಅನ್ನ ಹಾಕಿ, ಆಚೆ ಬದಿಗೆ ಕೂತು ಕೈಯಿಟ್ಟರು.

ಹುಡುಗಿಯರೆಲ್ಲ ಉಣ್ಣುವುದು ಬಿಟ್ಟು ಇತ್ತ ನೋಡಿದರು. ಪ್ರತಿ ಗುರುವಾರ ಆಪಾ ತಾವಾಗಿ ರೋಜಾದ ಉಪವಾಸ ಹಿಡಿಯುವವರು.

“ಆಪಾ, ನಿಮ್ಮ ರೋಜಾ?” ಎಂದಳು ದಾವಲಬಿ.

“ಅದನ್ನ ಸೋಮವಾರ ಹಿಡದ್ರಾತು. ಈ ಕಡೀದು ನಂದು. ನಿನಗ ಸಾಲ್ಲಿಲ್ಲಂದ್ರ ಕೇಳು.”

ಹುಡುಗಿ ತನ್ನ ಬದಿ ಮುಗಿಸಿದಳು. ಆಮೇಲೆ ಆಪಾರ ಬದಿಯದನ್ನೂ ಕೇಳಿದಳು.

ಶುಕ್ರವಾರ ಮಗಳು ಹೊಟ್ಟೆತುಂಬ ಉಂಡದ್ದನ್ನು ಕಂಡು ರಾಜೇಸಾಬ ಒಬ್ಬನೇ ಊರಿಗೆ ಮರಳಿದ.

ಈಗ ನನ್ನ ತಳ ಸೀಳಿದೆ. ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಒರಗಿದ್ದೇನೆ. ದಾವಲಬಿ ಮೂರನೇ ಸಲ ಸಾರು ಕೇಳುತ್ತಾಳೆ. ಆಪಾ ಬೈಯುತ್ತಲೇ ಬಡಿಸುತ್ತಾರೆ. ಆ ಬೈಗುಳ ಕೇಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.